ಕಾರ್ಯಯೋಜನೆಯ ತಂತ್ರಾಂಶ: ಕೊಳ್ಳುವ ಮುನ್ನ

ಒಂದು ಆರ್ಡರು ಕಾರ್ಖಾನೆಯಿಂದ ಹೊರಡುವಷ್ಟರಲ್ಲಿ ಎಷ್ಟು ಕೈಗಳನ್ನು ದಾಟಿರುತ್ತದೆಂಬುದನ್ನು ಉದ್ಯಮಿಗಳಿಗೆ ವಿವರಿಸಬೇಕಾಗಿಲ್ಲ. ಪೀಣ್ಯದ ಒಂದು ಚಿಕ್ಕ ಯಂತ್ರಭಾಗಗಳ ಘಟಕವನ್ನು ಊಹಿಸಿಕೊಳ್ಳೋಣ. ಟರ್ನಿಂಗ್ ಕೆಲಸ ಒಳಗೆ. ಹೀಟ್ ಟ್ರೀಟ್‌ಮೆಂಟ್ ಮತ್ತು ಪ್ಲೇಟಿಂಗ್ ಹೊರಗಿನ ಜಾಬ್ ವರ್ಕ್. ನಡುವೆ ಗ್ರಾಹಕರು ಡ್ರಾಯಿಂಗ್ ತಿದ್ದಿ ಕಳುಹಿಸುತ್ತಾರೆ. ತಿದ್ದುಪಡಿಯು ಮಾಲೀಕರ ಮೊಬೈಲಿನಲ್ಲೇ ಉಳಿದು, ಯಂತ್ರದ ಮುಂದೆ ಹಳೆಯ ಡ್ರಾಯಿಂಗ್ ಇದ್ದರೆ, 200 ಪೀಸುಗಳು ಗುಜರಿಗೆ ಹೋಗುತ್ತವೆ. ಆರ್ಡರು, ಡ್ರಾಯಿಂಗ್, ಹೊಣೆಗಾರರ ಹೆಸರು, ಗಡುವು ಇವೆಲ್ಲವನ್ನೂ ಎಲ್ಲರಿಗೂ ಒಂದೇ ಕಡೆ ಕಾಣಿಸುವುದೇ ಅಂತರಜಾಲದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ತಂತ್ರಾಂಶದ ಕೆಲಸ.

ಇವುಗಳಲ್ಲಿ ಮುಖ್ಯವಾಗಿ ಎರಡು ಮಾದರಿಗಳುಂಟು. ಒಂದು, ಕಾರ್ಡುಗಳನ್ನು ಒಂದು ಹಂತದಿಂದ ಮುಂದಿನ ಹಂತಕ್ಕೆ ಸರಿಸುವ ಹಲಗೆ. ಟೊಯೋಟಾ ಕಾರ್ಖಾನೆಯಲ್ಲಿ ತೈಯಿಚಿ ಓನೊ ಅವರು ರೂಢಿಸಿದ ಕಾನ್‌ಬಾನ್ ಕಾರ್ಡಿನ ವಿಚಾರವೇ ಇದಕ್ಕೆ ಮೂಲ. 2011ರಲ್ಲಿ ಬಂದ ಟ್ರೆಲೊ ಇದೇ ಬಗೆಯದು. ಇನ್ನೊಂದು, ದಿನಾಂಕಗಳನ್ನು ಪಟ್ಟಿಗಳಾಗಿ ತೋರಿಸುವ ಗ್ಯಾಂಟ್ ನಕ್ಷೆ. ಹೊಸ ಶೆಡ್ಡಿನ ನಿರ್ಮಾಣದಂತೆ ಒಂದು ಕೆಲಸ ಮುಗಿಯದೆ ಇನ್ನೊಂದು ಆರಂಭವಾಗದ ಕಡೆ ಇದು ಉಪಯುಕ್ತ. ಮತ್ತೆ ಮತ್ತೆ ಬರುವ ಆರ್ಡರುಗಳಿಗೆ ಹಲಗೆಯೇ ಸಾಕೆಂಬುದು ನಮ್ಮ ಅಭಿಪ್ರಾಯ. ಸೌಲಭ್ಯಗಳ ಉದ್ದ ಪಟ್ಟಿಗೆ ಮರುಳಾಗಬಾರದು. ಸೂಪರ್‌ವೈಸರ್ ತಮ್ಮ ಮೊಬೈಲಿನಲ್ಲಿ, ಕನ್ನಡದಲ್ಲೇ, ಅರ್ಧ ನಿಮಿಷದಲ್ಲಿ ‘ಪ್ಲೇಟಿಂಗಿಗೆ ಹೋಯಿತು’ ಎಂದು ಬರೆಯಬಲ್ಲರೇ? ಒಂದೇ ಒಂದು ನಿಜವಾದ ಆರ್ಡರನ್ನು ಎರಡು ವಾರ ನಡೆಸಿ ನೋಡಿದರೆ ಉತ್ತರ ದೊರೆಯುತ್ತದೆ. ಮಾಲೀಕರೊಬ್ಬರೇ ತುಂಬುವ ತಂತ್ರಾಂಶವು ಇನ್ನೊಂದು ಡೈರಿಯಷ್ಟೆ.

ವೆಚ್ಚವನ್ನು ಸಾಮಾನ್ಯವಾಗಿ ತಲೆಗೆ, ತಿಂಗಳಿಗೆ ಇಷ್ಟೆಂದು ವಿಧಿಸಲಾಗುತ್ತದೆ. ಆದ್ದರಿಂದ ಮೊದಲು ತಲೆಗಳನ್ನು ಎಣಿಸಿರಿ. ಹೊರಗಿನ ಜಾಬ್ ವರ್ಕಿನವರನ್ನೂ ಸೇರಿಸಬೇಕಾದೀತು. ಉಚಿತ ಸೇವೆಯ ಮಿತಿಯೂ ಬದಲಾಗುತ್ತದೆ: ಟ್ರೆಲೊ 2024ರಲ್ಲಿ ತನ್ನ ಉಚಿತ ಬಳಕೆಯನ್ನು ತಂಡಕ್ಕೆ 10 ಜನರಿಗೆ ಸೀಮಿತಗೊಳಿಸಿತು. ವಿದೇಶೀ ಸಂಸ್ಥೆ ಡಾಲರಿನಲ್ಲಿ ಬಿಲ್ಲು ಮಾಡಿದರೆ, ಜಿ.ಎಸ್.ಟಿ. ನೋಂದಾಯಿತರು ಶೇ. 18ರ ತೆರಿಗೆಯನ್ನು ರಿವರ್ಸ್ ಚಾರ್ಜ್ ಕ್ರಮದಲ್ಲಿ ತಾವೇ ಕಟ್ಟಬೇಕಾಗುತ್ತದೆ. ಸಾಮಾನ್ಯ ವ್ಯಾಪಾರಿಗೆ ಇದರ ಹೂಡುವಳಿ ತೆರಿಗೆ ಜಮೆ ಸಿಗುತ್ತದೆ. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಸಿಗದು, ಅವರಿಗೆ ಅದು ಪೂರ್ತಿ ಖರ್ಚೇ.

ಎಲ್ಲಕ್ಕಿಂತ ಅಲಕ್ಷಿತವಾದ ವಿಷಯ, ಹೊರಬರುವ ದಾರಿ. ಬರ್ಲಿನ್ನಿನ ಜನಪ್ರಿಯ ವಂಡರ್‌ಲಿಸ್ಟನ್ನು ಮೈಕ್ರೋಸಾಫ್ಟ್ 2015ರಲ್ಲಿ ಕೊಂಡು, 2020ರ ಮೇ ತಿಂಗಳಲ್ಲಿ ಮುಚ್ಚಿತು. ಅದೇ ಸಂಸ್ಥೆ ತನ್ನ ಪ್ರಾಜೆಕ್ಟ್ ಆನ್‌ಲೈನ್ ಸೇವೆಗೆ 2026ರ ಸೆಪ್ಟೆಂಬರ್ 30 ಕೊನೆಯ ದಿನವೆಂದು 2025ರಲ್ಲಿ ಪ್ರಕಟಿಸಿತು. ದೊಡ್ಡ ಹೆಸರು ಭರವಸೆಯಲ್ಲ. ರೆಡ್‌ಮೈನ್, ಓಪನ್‌ಪ್ರಾಜೆಕ್ಟ್ ಮುಂತಾದ ಮುಕ್ತ ತಂತ್ರಾಂಶಗಳನ್ನು ಸ್ವಂತ ಸರ್ವರಿನಲ್ಲಿ ಇಟ್ಟುಕೊಳ್ಳಬಹುದಾದರೂ, ಬ್ಯಾಕಪ್ಪು ನೋಡಿಕೊಳ್ಳಲು ತಿಳಿದವರು ಬೇಕು.

ಹಣ ಕಟ್ಟುವ ಮೊದಲೇ, ಪರೀಕ್ಷೆಗಿಟ್ಟ ಆರ್ಡರಿನ ಸಮಸ್ತ ಮಾಹಿತಿಯನ್ನು ಹೊರತೆಗೆದು ನೋಡಿರಿ. ಪಟ್ಟಿ ಸುಲಭವಾಗಿ ಬರುತ್ತದೆ. ಲಗತ್ತಿಸಿದ ಡ್ರಾಯಿಂಗುಗಳು ಎಷ್ಟೋ ವೇಳೆ ಬರುವುದಿಲ್ಲ. ಖಾತೆಯನ್ನು ಯಾವ ನೌಕರರ ಖಾಸಗಿ ಇ-ಮೇಲಿನಲ್ಲೂ ತೆರೆಯದೆ, ಸಂಸ್ಥೆಯ ವಿಳಾಸದಲ್ಲೇ ತೆರೆದು, ಗುಪ್ತಪದವನ್ನು ಮಾಲೀಕರು ತಮ್ಮ ಬಳಿ ಇಟ್ಟುಕೊಳ್ಳತಕ್ಕದ್ದು.