ಗೋಡೆಯ ಗಣಿತಕ್ಕೆ ಮಕ್ಕಳ ಕೈ ತಾಗಲಿ

ಪ್ರಶ್ನೆ: ಸರ್ಕಾರಿ ಶಾಲೆಯಲ್ಲಿ 5ನೇ ತರಗತಿಗೆ ಗಣಿತ ಕಲಿಸುತ್ತೇನೆ. ಬೇಸಿಗೆ ರಜೆಯಲ್ಲಿ ಕೂತು ಮಗ್ಗಿ, ಭಿನ್ನರಾಶಿ, ಆಕೃತಿಗಳ ಚಾರ್ಟ್ ಬರೆದು ಗೋಡೆ ತುಂಬಿಸಿದೆ. ಜೂನ್ ಮುಗಿಯುವಷ್ಟರಲ್ಲಿ ಮಕ್ಕಳು ಅತ್ತ ತಿರುಗಿಯೂ ನೋಡದಂತಾದರು. ನನ್ನ ಶ್ರಮವೆಲ್ಲ ವ್ಯರ್ಥವೇ?
– ಶಿಕ್ಷಕಿ, ಚಿತ್ರದುರ್ಗ ಜಿಲ್ಲೆ

ಉತ್ತರ: ಇಲ್ಲ, ವ್ಯರ್ಥವಾಗಿಲ್ಲ. ರಜೆ ಕಳೆದುಕೊಂಡು ಮಾಡಿದ ಕೆಲಸವನ್ನು ಯಾರೂ ನೋಡದಿದ್ದಾಗ ಬೇಸರವಾಗುವುದು ಸಹಜ. ಆದರೆ ಮಕ್ಕಳದು ಅಸಡ್ಡೆಯಲ್ಲ. ಉತ್ತರವನ್ನೂ ನೀವೇ ಬರೆದುಬಿಟ್ಟಿದ್ದೀರಿ. ಅಲ್ಲಿ ಅವರು ಮಾಡುವಂಥದ್ದು ಏನೂ ಉಳಿದಿಲ್ಲ, ಅಷ್ಟೇ.

ಇದ್ದ ಚಾರ್ಟ್ ಹರಿಯಬೇಡಿ. ಹಳೆಯ ಮದುವೆ ಕರೆಯೋಲೆಗಳನ್ನು ಕತ್ತರಿಸಿ, ಉತ್ತರಗಳ ಮೇಲೆ ಪುಟ್ಟ ಬಾಗಿಲುಗಳಂತೆ ಅಂಟಿಸಿ. ಮಗು ಮೊದಲು ಊಹಿಸಲಿ, ಆಮೇಲೆ ಎತ್ತಿ ನೋಡಲಿ. ಚಾರ್ಟನ್ನು ಮಕ್ಕಳ ಎದೆಯ ಮಟ್ಟಕ್ಕೆ ಇಳಿಸಿ. ಚಿಕ್ಕ ತರಗತಿಗಳ ನಲಿ-ಕಲಿ (ಚಟುವಟಿಕೆಯ ಮೂಲಕ ಕಲಿಯುವ) ಕೋಣೆಗಳಲ್ಲಿ ಮಕ್ಕಳ ಕಪ್ಪುಹಲಗೆ ಗೋಡೆಯ ಕೆಳಭಾಗದಲ್ಲೇ ಇರುವುದನ್ನು ನೀವು ನೋಡಿರುತ್ತೀರಿ. 5ನೇ ತರಗತಿಯವರಿಗೂ ಅದು ಬೇಕು.

ಭಿನ್ನರಾಶಿಗೆ ಒಂದು ಹಗ್ಗ ಸಾಕು. ಸರಿಯಾಗಿ 120 ಸೆಂಟಿಮೀಟರ್ ಅಳೆದು, ಎಡತುದಿಗೆ 0, ಬಲತುದಿಗೆ 1 ಎಂದು ಕಟ್ಟಿ. ಇದು ಸಂಖ್ಯಾರೇಖೆ (ಸಂಖ್ಯೆಗಳನ್ನು ಅವುಗಳ ದೂರಕ್ಕೆ ತಕ್ಕಂತೆ ಕೂರಿಸುವ ಗೆರೆ). 120 ಯಾಕೆಂದರೆ ಅದು 2, 3, 4, 5, 6 ಎಲ್ಲದರಿಂದಲೂ ಶೇಷವಿಲ್ಲದೆ ಭಾಗವಾಗುತ್ತದೆ. 1/2, 1/3, 1/4, 2/4, 3/4 ಎಂದು ಬರೆದ ಚೀಟಿಗಳನ್ನೂ ಬಟ್ಟೆ ಕ್ಲಿಪ್ಪುಗಳನ್ನೂ ಪಕ್ಕದಲ್ಲಿಡಿ.

ಮೊದಲ ದಿನ ಯಾರಾದರೂ 1/4ನ್ನು 1/3ರ ಬಲಕ್ಕೆ ಸಿಕ್ಕಿಸಿಯೇ ಸಿಕ್ಕಿಸುತ್ತಾರೆ. ಛೇದದಲ್ಲಿ (ಗೆರೆಯ ಕೆಳಗಿನ ಸಂಖ್ಯೆಯಲ್ಲಿ) 4 ಕಂಡರೆ ಅದೇ ದೊಡ್ಡದೆನ್ನಿಸುತ್ತದೆ. ತಕ್ಷಣ ತಿದ್ದಬೇಡಿ. ಹಗ್ಗದಷ್ಟೇ ಉದ್ದದ ಕಾಗದದ ಪಟ್ಟಿ ಕೊಟ್ಟು, ಮೂರು ಸಮಭಾಗವಾಗಿ ಮಡಚಲು ಹೇಳಿ, ಇನ್ನೊಂದನ್ನು ನಾಲ್ಕು ಭಾಗವಾಗಿ. ಒಂದು ಮಡಿಕೆ 40ಕ್ಕೆ ಬರುತ್ತದೆ, ಇನ್ನೊಂದು 30ಕ್ಕೆ. ಚೀಟಿಯನ್ನು ಮಗುವೇ ತೆಗೆದು ಎಡಕ್ಕೆ ಹಾಕುತ್ತದೆ. ಇನ್ನು 1/2 ಮತ್ತು 2/4 ಒಂದೇ ಜಾಗಕ್ಕೆ ಬಂದು, ಎರಡನ್ನೂ ಒಂದೇ ಕ್ಲಿಪ್ಪಿಗೆ ಸಿಕ್ಕಿಸಬೇಕಾಗುತ್ತದಲ್ಲ, ಸಮಾನ ಭಿನ್ನರಾಶಿಯ ಪಾಠ ಅಲ್ಲಿಂದಲೇ ಶುರುಮಾಡಿ.

ಪ್ರಶ್ನೆ: ಮಕ್ಕಳೇ ಬರೆದು ಅಂಟಿಸಲಿ ಎಂದು ಬಿಟ್ಟರೆ ಗೋಡೆಯಲ್ಲಿ ತಪ್ಪುಗಳೇ ಹೆಚ್ಚು. ಪರಿಶೀಲನೆಗೆ ಬಂದವರು ಏನೆಂದಾರು ಎಂಬ ಭಯ. ತಪ್ಪು ಬರೆದವರನ್ನು ಉಳಿದವರು ನೋಡಿ ನಗುತ್ತಾರೆ ಕೂಡ.
– ಶಿಕ್ಷಕ, ರಾಯಚೂರು ಜಿಲ್ಲೆ

ಉತ್ತರ: ನಿಮ್ಮ ಎರಡೂ ಭಯಕ್ಕೆ ಕಾರಣವಿದೆ. ಎರಡನೆಯದು ನನಗೆ ಹೆಚ್ಚು ಮುಖ್ಯ. ಎಲ್ಲರೆದುರು ನಗೆಗೀಡಾದ ಮಗು ಮತ್ತೆ ಗೋಡೆಯ ಹತ್ತಿರ ಸುಳಿಯುವುದಿಲ್ಲ.

ಆದ್ದರಿಂದ ಚೀಟಿಯ ಮೇಲೆ ಹೆಸರು ಬೇಡ. ಇಬ್ಬಿಬ್ಬರು ಕೂಡಿ ಬರೆಯಲಿ. ಗೋಡೆಯ ಒಂದು ಭಾಗಕ್ಕೆ ‘ಇನ್ನೂ ಯೋಚಿಸುತ್ತಿದ್ದೇವೆ’ ಎಂದು ದೊಡ್ಡದಾಗಿ ಬರೆಸಿ. ಬಂದವರಿಗೂ ಅದು ಉತ್ತರವಾಗುತ್ತದೆ. ತಪ್ಪು ಚೀಟಿಯನ್ನು ಕಿತ್ತೆಸೆಯದೆ, ತಿದ್ದಿದ್ದನ್ನು ಅದರ ಪಕ್ಕದಲ್ಲೇ ಅಂಟಿಸಿ. ಮಗು ಎಲ್ಲಿಂದ ಎಲ್ಲಿಗೆ ಬಂತೆಂದು ಅಧಿಕಾರಿಗಳಿಗೆ ತೋರಿಸಬಹುದು. ಆದರೆ ಮರುದಿನ ಶಾಲೆ ಬಿಡುವ ಮೊದಲು ಸರಿಯುತ್ತರ ತರಗತಿಯಲ್ಲಿ ಚರ್ಚೆಯಾಗಲೇಬೇಕು. ತಿದ್ದದೆ ವಾರಗಟ್ಟಲೆ ಬಿಟ್ಟರೆ ತಪ್ಪೇ ಬಾಯಿಪಾಠವಾಗುತ್ತದೆ.

ಪ್ರಶ್ನೆ: ಪ್ರೌಢಶಾಲೆಯಲ್ಲಿ ಪಾಠ ಮುಗಿಸುವುದಕ್ಕೇ ಸಮಯ ಸಾಲದು. 8ನೇ ತರಗತಿಯವರಿಗೆ ಇಂಥ ಆಟ ಬೇಕೇ?
– ಶಿಕ್ಷಕಿ, ಶಿವಮೊಗ್ಗ

ಉತ್ತರ: ನಿಮ್ಮ ಒತ್ತಡ ಅರ್ಥವಾಗುತ್ತದೆ. ಪೀರಿಯಡ್ ಕೊಡಬೇಡಿ; ಊಟದ ಬಿಡುವಿನಲ್ಲಿ ಮಕ್ಕಳೇ ನಡೆಸಿಕೊಳ್ಳುವಂಥದ್ದನ್ನು ಗೋಡೆಗೆ ಹಾಕಿ.

ನಾಶಿಕ್ ಬಳಿಯ ದೇವಲಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ಕಪ್ರೇಕರ್ (1905–1986) ಕಂಡುಕೊಂಡ ವಿಷಯವೊಂದಿದೆ. ನಾಲ್ಕಂಕಿಯ ಸಂಖ್ಯೆ ತೆಗೆದುಕೊಳ್ಳಿ. ನಾಲ್ಕೂ ಅಂಕಿ ಒಂದೇ ಆಗಿರಬಾರದು. ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆದು, ಏರಿಕೆ ಕ್ರಮದ್ದನ್ನು ಕಳೆಯಿರಿ. 3524 ಆದರೆ 5432 − 2345 = 3087. ಮತ್ತೆ 8730 − 0378 = 8352. ಮತ್ತೆ 8532 − 2358 = 6174. ಅಲ್ಲಿಂದ ಮುಂದೆ ಎಷ್ಟು ಸಲ ಮಾಡಿದರೂ 6174ರಲ್ಲೇ ನಿಲ್ಲುತ್ತದೆ. ಯಾವ ಸಂಖ್ಯೆಯಿಂದ ಹೊರಟರೂ 7 ಹೆಜ್ಜೆಯೊಳಗೆ ಅಲ್ಲಿಗೇ ಬರುತ್ತೀರಿ. ಇದನ್ನು ನೆನೆದಾಗಲೆಲ್ಲ ನನಗೆ ಇಂದಿಗೂ ಅಚ್ಚರಿ.

ಗೋಡೆಯಲ್ಲಿ 1ರಿಂದ 7ರವರೆಗೆ ಏಳು ಕಂಬಸಾಲು ಗೀಚಿ. ತನ್ನ ಸಂಖ್ಯೆ ಎಷ್ಟು ಹೆಜ್ಜೆಗೆ ಮುಟ್ಟಿತೋ ಆ ಸಾಲಿನಲ್ಲಿ ಮಗು ಚೀಟಿ ಅಂಟಿಸಲಿ. ಕಳೆದಾಗ 999 ಬಂದರೆ 0999 ಎಂದೇ ಬರೆಯಬೇಕೆಂದು ತಿಳಿಸಿ, ಇಲ್ಲವಾದರೆ ಲೆಕ್ಕ ಕೆಡುತ್ತದೆ.

ಚೀಟಿಗಳು ತುಂಬಿದ ಮೇಲೆ ಒಂದೇ ಪ್ರಶ್ನೆ ಕೇಳಿ: ಬಂದ ವ್ಯತ್ಯಾಸಗಳೆಲ್ಲ 9ರಿಂದ ಭಾಗವಾಗುವುದೇಕೆ? ದೊಡ್ಡದರಿಂದ ಚಿಕ್ಕದಕ್ಕೆ ಅಂಕಿಗಳು a, b, c, d ಆದರೆ ವ್ಯತ್ಯಾಸ 999(a − d) + 90(b − c). ನಿಮ್ಮ ಬೀಜಗಣಿತದ ಪಾಠ ಹೇಗೂ ನಡೆಯಬೇಕಿತ್ತು. ಇಲ್ಲಿ ಅದಕ್ಕೊಂದು ಕೆಲಸ ಸಿಕ್ಕಿತು.

ಗೋಡೆಯ ಬಳಿ ಗುಂಪು ಸೇರುವುದು ನಿಂತಾಗ ಎಲ್ಲವನ್ನೂ ಇಳಿಸಿ, ಮೂರಂಕಿಯ ಸಂಖ್ಯೆಗಳಿಗೆ ಇದೇ ಆಟ ಕೊಡಿ. ಅದು 495ರಲ್ಲಿ ನಿಲ್ಲುತ್ತದೆ. ಮಕ್ಕಳಿಗೆ ಮಾತ್ರ ಮೊದಲೇ ಹೇಳಬೇಡಿ.