ಕಿವಿಯ ಆಪರೇಷನ್ ಆದ ಮೇಲೆ: ಯಾವ ನೋವು ಸಹಜ, ಯಾವುದಕ್ಕೆ ಅಂದೇ ಆಸ್ಪತ್ರೆಗೆ ಹೋಗಬೇಕು



ನಮ್ಮ ವೈದ್ಯಕೀಯ ನೆರವು ಸಮಿತಿಗೆ ಬರುವ ಅರ್ಜಿಗಳ ಜೊತೆ ಆಸ್ಪತ್ರೆಯ ಅಂದಾಜು ಪಟ್ಟಿ ಲಗತ್ತಾಗಿರುತ್ತದೆ. ಕಿವಿಯ ಆಪರೇಷನ್ ಆದರೆ ಹಾಸಿಗೆ, ಅರಿವಳಿಕೆ, ಥಿಯೇಟರ್, ಔಷಧ ಎಲ್ಲವೂ ಅದರಲ್ಲಿ ನಮೂದಾಗಿರುತ್ತವೆ. ಮನೆಗೆ ಬಂದ ಮೇಲಿನ ಎರಡು ಮೂರು ತಿಂಗಳ ಬಗ್ಗೆ ಮಾತ್ರ ಒಂದು ಸಾಲೂ ಇರುವುದಿಲ್ಲ. ಸಾಲ ಮಂಜೂರು ಮಾಡಿ, ಆಮೇಲೆ ತಪಾಸಣೆಗೆ ಹೋಗದಿದ್ದರೆ ಏನಾಗುತ್ತದೆಂದು ಬ್ಯಾಂಕಿನಲ್ಲಿ ಸಾಕಷ್ಟು ಕಂಡವನು ನಾನು. ಹಾಗಾಗಿ ಈ ಬಾರಿ ಆ ಬಿಟ್ಟುಹೋದ ಸಾಲಿನ ಬಗ್ಗೆ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ಬಿ.ಕಾಂ. ಓದಿದವನು. ಇದು ಓದಿ, ಕೇಳಿ ತಿಳಿದದ್ದು. ನಿಮ್ಮ ವೈದ್ಯರ ಮಾತು ಇದಕ್ಕಿಂತ ಮೇಲು.

ನಮ್ಮಲ್ಲಿಗೆ ಹೆಚ್ಚಾಗಿ ಬರುವುದು ವರ್ಷಗಟ್ಟಲೆ ಸೋರುವ ಕಿವಿಯ ಪ್ರಕರಣ. ತಮಟೆಯಲ್ಲಿ ಆಗಿರುವ ತೂತನ್ನು ಮುಚ್ಚುವುದಕ್ಕೆ ಟಿಂಪನೋಪ್ಲಾಸ್ಟಿ ಎನ್ನುತ್ತಾರೆ. ಸಾಮಾನ್ಯವಾಗಿ ಕಿವಿಯ ಹಿಂದೆ ಕೊಯ್ದು, ಅಲ್ಲೇ ಮೇಲಿರುವ ಕಣತಲೆಯ ಸ್ನಾಯುವಿನ ಹೊದಿಕೆಯ ತೆಳುಪೊರೆ ತೆಗೆದು ತೂತಿಗೆ ತೇಪೆ ಹಾಕುತ್ತಾರೆ. ಒಂದೆರಡು ದಿನದಲ್ಲಿ ಮನೆಗೆ ಕಳಿಸುತ್ತಾರೆ, ಆದ್ದರಿಂದ ‘ಮೈನರ್’ ಎಂಬ ಹೆಸರು. ಆದರೆ ಆ ತೇಪೆ ಜೀವಂತವಾಗಿ ಕೂಡಿಕೊಳ್ಳಲು ವಾರಗಳೇ ಬೇಕು.

ಮೊದಲ ಕೆಲವು ದಿನ ಹೊಲಿಗೆಯ ಜಾಗ ನೋಯುತ್ತದೆ. ತೇಪೆಗೆ ಪೊರೆ ಕೊಟ್ಟ ಸ್ನಾಯುವೇ ದವಡೆಯನ್ನೂ ಆಡಿಸುವುದರಿಂದ ಚಪಾತಿ ಅಗಿಯುವಾಗ ನೋವು ಹೆಚ್ಚಾಗುತ್ತದೆ. ಒಂದು ವಾರ ಗಂಜಿ, ಮೆತ್ತಗಿನ ಮೊಸರನ್ನ ಸುಖ. ಕಿವಿಯೊಳಗೆ ಅರಿವೆ ಅಥವಾ ಸ್ಪಂಜು ತುಂಬಿರುವುದರಿಂದ ಶಬ್ದ ಮಂದವಾಗಿ ಕೇಳುತ್ತದೆ, ಒಳಗೆ ಟಿಕ್ ಟಿಕ್ ಎನ್ನುತ್ತದೆ. ಸ್ವಲ್ಪ ರಕ್ತಮಿಶ್ರಿತ ನೀರು ಬರಬಹುದು. ಕಿವಿಯ ಮೇಲ್ಭಾಗ ತಿಂಗಳುಗಟ್ಟಲೆ ಜೋಮು ಹಿಡಿದಂತೆ ಇರಬಹುದು. ಇನ್ನು ಕೆಲವರಿಗೆ ನಾಲಿಗೆಯ ಒಂದು ಪಕ್ಕದಲ್ಲಿ ಲೋಹದ ರುಚಿ! ರುಚಿಯ ಒಂದು ನರ ತಮಟೆಯ ಹಿಂದೆಯೇ ಹಾದುಹೋಗುತ್ತದೆ, ಅದಕ್ಕೆ ಪೆಟ್ಟಾದಾಗ ಹೀಗಾಗುತ್ತದೆ; ಬಹುಮಟ್ಟಿಗೆ ತಾನಾಗಿ ಸರಿಹೋಗುತ್ತದೆ. ಇವುಗಳಿಗೆ ಗಾಬರಿ ಬೇಡ, ಮುಂದಿನ ಭೇಟಿಯಲ್ಲಿ ಹೇಳಿದರೆ ಸಾಕು.

ಗಮನಿಸಬೇಕಾದದ್ದು ನೋವು ಸಾಗುವ ದಿಕ್ಕನ್ನು. ಸಹಜ ನೋವು ದಿನದಿಂದ ದಿನಕ್ಕೆ ಇಳಿಯುತ್ತದೆ, ವೈದ್ಯರು ಕೊಟ್ಟ ಮಾತ್ರೆಗೆ ಬಗ್ಗುತ್ತದೆ. ಮೂರನೆಯ ದಿನದ ಮೇಲೆ ಏರುತ್ತಾ ಹೋದರೆ, ಜ್ವರ ಬಂದರೆ, ವಾಸನೆಯ ಕೀವು ಕಂಡರೆ, ಕಿವಿಯ ಹಿಂದೆ ಊದಿದರೆ ಕೂಡಲೇ ವೈದ್ಯರಿಗೆ ತೋರಿಸಬೇಕು. ಕಿವಿಯ ಹಾಳೆ ಕೆಂಪಗೆ ಊದಿ ಬಿಸಿಯಾಗಿದ್ದು, ಕೆಳಗಿನ ಹಾಲೆ ಮಾತ್ರ ಎಂದಿನಂತೆ ಇದ್ದರೆ ಅದು ಮೃದ್ವಸ್ಥಿಯ ಸೋಂಕಿನ ಗುರುತು. ಹಾಲೆಯಲ್ಲಿ ಮೃದ್ವಸ್ಥಿ ಇರುವುದಿಲ್ಲ. ತಡಮಾಡಿದರೆ ಕಿವಿ ಮುದುರಿಹೋಗುತ್ತದೆ. ಬುಗುಡಿ ಹಾಕುವ ಜಾಗದಲ್ಲಿ ಚುಚ್ಚಿಸಿಕೊಂಡಾಗಲೂ ಈ ಸೋಂಕು ಬರುವುದುಂಟು, ಮೊಮ್ಮಕ್ಕಳಿಗೆ ತಿಳಿಸಿ.

ಇನ್ನು ರಾತ್ರಿಯಾದರೂ ಕಾಯಬಾರದವು: ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು ಅಥವಾ ಕಣ್ಣು ಪೂರ್ತಿ ಮುಚ್ಚದಿರುವುದು (ಮುಖದ ನರ ಮಧ್ಯಕಿವಿಯ ಮೂಲಕವೇ ಹೋಗುತ್ತದೆ), ವಾಂತಿಯೊಂದಿಗೆ ತೀವ್ರ ತಲೆಸುತ್ತು, ಇದ್ದಕ್ಕಿದ್ದಂತೆ ಕಿವಿ ಪೂರ್ತಿ ಕೇಳದಾಗುವುದು, ತಿಳಿನೀರು ಸೋರುವುದು, ವಿಪರೀತ ತಲೆನೋವು, ಕತ್ತು ಬಿಗಿತ, ಮಂಪರು. ಇವು ಅಪರೂಪ. ಆದರೆ ಬಂದಾಗ ಗಂಟೆಗಳ ಲೆಕ್ಕ.

ಹಿರಿಯ ಸದಸ್ಯರಿಗೆ ಇನ್ನೊಂದು ಮಾತು. ಸಕ್ಕರೆ ಕಾಯಿಲೆ ಇರುವವರಿಗೆ ಕಿವಿ ತೊಳೆಸಿದ ಮೇಲೆ ಅಥವಾ ಸಣ್ಣ ಗಾಯವಾದ ಮೇಲೆ ನಿದ್ದೆಗೆಡಿಸುವ ನೋವು ಶುರುವಾದರೆ, ಹೊರಗೆ ಏನೂ ಕಾಣದಿದ್ದರೂ ಉದಾಸೀನ ಮಾಡಬೇಡಿ. ಸೋಂಕು ತಲೆಬುರುಡೆಯ ಮೂಳೆಗೆ ಇಳಿಯುವ ಸಂಭವವಿದೆ.

ಮನೆಮದ್ದಿನ ವಿಷಯ ಹೇಳಲೇಬೇಕು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ನಮ್ಮವರದು, ಸಾಸಿವೆ ಎಣ್ಣೆ ಇಲ್ಲಿನವರದು. ಆಪರೇಷನ್ ಆದ ಕಿವಿಗೆ ಎರಡೂ ಬೇಡ. ದೀಪಾವಳಿಯ ಎಣ್ಣೆಸ್ನಾನವೂ ವೈದ್ಯರು ಒಪ್ಪುವವರೆಗೆ ಬೇಡ. ದೆಹಲಿಯ ಚಳಿಗಾಲದಲ್ಲಿ ನೆಗಡಿ ತಪ್ಪಿದ್ದಲ್ಲ, ಆದರೆ ಮೂಗನ್ನು ಜೋರಾಗಿ ಸೀನಿದರೆ ಒಳಗಿನ ಒತ್ತಡಕ್ಕೆ ತೇಪೆ ಸರಿಯುತ್ತದೆ. ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಊರಿಗೆ ಹೋಗಲೇಬೇಕಾದರೆ ವಿಮಾನದ ಟಿಕೆಟ್ ತೆಗೆಯುವ ಮುಂಚೆ ವೈದ್ಯರನ್ನು ಕೇಳಿ, ಇಲ್ಲವೇ ಕರ್ನಾಟಕ ಎಕ್ಸ್‌ಪ್ರೆಸ್ ಇದ್ದೇ ಇದೆ.

ಹಿಂದೆ ನಮ್ಮ ಸಮಿತಿ ನೆರವಾದ ಒಂದು ಕುಟುಂಬ ನೆನಪಾಗುತ್ತದೆ. ಮನೆಯಾತ ಕರೋಲ್ ಬಾಗ್‌ನ ಒಂದು ಮೆಸ್ಸಿನಲ್ಲಿ ಅಡುಗೆಯವರು. ಹೆಂಡತಿಯ ಆಪರೇಷನ್ ಚೆನ್ನಾಗಿಯೇ ಆಯಿತು. ಎರಡನೆಯ ತಪಾಸಣೆಗೆ ಹೋದರೆ ಆ ದಿನದ ಕೂಲಿ ಹೋಗುತ್ತದೆ, ಆಟೋ ಖರ್ಚು ಬೇರೆ. ನೋವೂ ಕಡಿಮೆಯಾಗಿತ್ತು, ಹಾಗಾಗಿ ಹೋಗಲಿಲ್ಲ. ಒಳಗಿನ ಪ್ಯಾಕಿಂಗ್ ದಿನ ಮೀರಿ ಉಳಿದು ಸೋಂಕಾಯಿತು, ತೇಪೆ ನಿಲ್ಲಲಿಲ್ಲ. ನಾವು ಕೊಟ್ಟ ದೊಡ್ಡ ಮೊತ್ತ ಕೆಲವು ನೂರು ರೂಪಾಯಿಯ ಕೊರತೆಯಿಂದ ವ್ಯರ್ಥವಾಯಿತು. ಆ ತಾಯಿ ಈಗಲೂ ಆ ಕಿವಿಯಲ್ಲಿ ಸರಿಯಾಗಿ ಕೇಳಿಸಿಕೊಳ್ಳಲಾರರು.

ನಮ್ಮ ಬಡಾವಣೆಗೆ ಗಂಗಾರಾಮ್, ರಾಮ್ ಮನೋಹರ್ ಲೋಹಿಯಾ, ಲೇಡಿ ಹಾರ್ಡಿಂಜ್ ಆಸ್ಪತ್ರೆಗಳು ಹತ್ತಿರವೇ ಇವೆ. ದೆಹಲಿಯಲ್ಲಿ ರಿಯಾಯಿತಿ ದರದ ಸರ್ಕಾರಿ ಜಮೀನು ಪಡೆದ ಖಾಸಗಿ ಆಸ್ಪತ್ರೆಗಳು ಬಡವರಿಗೆ ಒಳರೋಗಿ ಹಾಸಿಗೆಗಳಲ್ಲಿ ಶೇ. 10, ಹೊರರೋಗಿ ವಿಭಾಗದಲ್ಲಿ ಶೇ. 25ರಷ್ಟು ಉಚಿತ ಚಿಕಿತ್ಸೆ ಕೊಡಬೇಕು. 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಹೊರರೋಗಿ ಎಂದರೆ ತಪಾಸಣೆಯ ಭೇಟಿಗಳೂ ಸೇರಿದವು, ಇದನ್ನು ಬಹಳ ಜನ ಕೇಳಿ ಪಡೆಯುವುದಿಲ್ಲ. ಆದಾಯ ಮಿತಿ ಆಗಾಗ ಬದಲಾಗುವುದರಿಂದ ಆಸ್ಪತ್ರೆಯ ಇ.ಡಬ್ಲ್ಯು.ಎಸ್. ಕೌಂಟರಿನಲ್ಲಿ ವಿಚಾರಿಸಿ.

ಆದರೆ ಆಟೋ ಬಾಡಿಗೆ, ಕಳೆದುಹೋಗುವ ಕೂಲಿ, ಕಿವಿಯ ಹನಿ ಔಷಧ, ಕೊನೆಯಲ್ಲಿ ಮಾಡಿಸಬೇಕಾದ ಶ್ರವಣ ಪರೀಕ್ಷೆ, ಇವನ್ನು ಯಾವ ಯೋಜನೆಯೂ ಪೂರ್ತಿ ಭರಿಸುವುದಿಲ್ಲ. ಇನ್ನು ಮುಂದೆ ಕಿವಿಯ ಪ್ರತಿ ಅರ್ಜಿಯ ಜೊತೆ ಈ ಖರ್ಚಿನ ಪಟ್ಟಿಯನ್ನೂ ಪಡೆದು, ಹಣವನ್ನು ಪ್ರತಿ ತಪಾಸಣೆಯ ಚೀಟಿ ತೋರಿಸಿದಂತೆ ಕಂತುಗಳಲ್ಲಿ ಕೊಡಬೇಕೆಂದು ಸಮಿತಿಗೆ ಸೂಚಿಸಿದ್ದೇನೆ. ಈ ಬಾಬ್ತಿಗಾಗಿಯೇ ಕೊಡಲಿಚ್ಛಿಸುವ ದಾನಿಗಳು ರಸೀದಿಯ ಮೇಲೆ ‘ತಪಾಸಣೆ ನಿಧಿ’ ಎಂದು ಬರೆಸಿಕೊಳ್ಳಿ. ಜೊತೆಗೆ, ಬೆಳಿಗ್ಗೆ ಎರಡು ಗಂಟೆ ಬಿಡುವು ಇರುವ ನಿವೃತ್ತರು ತಮ್ಮ ಹೆಸರನ್ನು ಸಂಘದ ಕಚೇರಿಯಲ್ಲಿ ಬರೆಸಿ. ಹಿಂದಿ ಬಾರದ ರೋಗಿಯ ಜೊತೆ ಒಬ್ಬರು ಹೋಗಿ ನಿಂತರೂ ದೊಡ್ಡ ಸಹಾಯ.