ಗಂಗೆಯ ಕಣಿವೆಯಲ್ಲಿ ಹುಟ್ಟು ಹಾಕುವ ಮುನ್ನ

ಋಷಿಕೇಶದ ತಪೋವನದ ಕಡೆ ಹೋದರೆ ರಸ್ತೆಯುದ್ದಕ್ಕೂ ರಾಫ್ಟಿಂಗ್ ಅಂಗಡಿಗಳು. ಎಲ್ಲರ ಫಲಕದಲ್ಲೂ ಒಂದೇ ಬಗೆಯ ಪಟ್ಟಿ: ಬ್ರಹ್ಮಪುರಿಯಿಂದ 9 ಕಿ.ಮೀ., ಶಿವಪುರಿಯಿಂದ 16 ಕಿ.ಮೀ., ಮರೀನ್ ಡ್ರೈವ್‌ನಿಂದ ಸುಮಾರು 25 ಕಿ.ಮೀ., ಕೌಡಿಯಾಲಾದಿಂದ 36 ಕಿ.ಮೀ. ದೂರ ಹೆಚ್ಚಿದಂತೆ ದರವೂ ಹೆಚ್ಚು. ಕರ್ನಾಟಕದಿಂದ ಅಷ್ಟು ದೂರ ಹೋದವರಿಗೆ ‘ಬಂದದ್ದೇ ಬಂದೆವು, ದೊಡ್ಡದನ್ನೇ ಮಾಡಿಬಿಡೋಣ’ ಅನ್ನಿಸುವುದು ಸಹಜ. ಆದರೆ ಕಿಲೋಮೀಟರ್ ನೋಡಿ ಕಾಸು ಕೊಡುವ ಮೊದಲು ಮೂರು ಸಂಗತಿ ವಿಚಾರಿಸಿ: ಇವತ್ತು ನೀರು ಎಷ್ಟಿದೆ, ನಮ್ಮ ಜೊತೆ ಯಾರಿದ್ದಾರೆ, ನಡುವೆ ಬೇಡವೆನಿಸಿದರೆ ಎಲ್ಲಿ ದಡ ಹತ್ತಬಹುದು. ಈ ಮೂರಕ್ಕೆ ಉತ್ತರ ಸಿಕ್ಕಿದರೆ ಎಷ್ಟು ದೂರ ಹೋಗಬೇಕೆಂಬುದು ತಾನಾಗಿಯೇ ತೀರ್ಮಾನವಾಗುತ್ತದೆ.

ನದಿ ಮತ್ತು ನೀರು

ದೇವಪ್ರಯಾಗದಲ್ಲಿ ಅಲಕನಂದಾ ಮತ್ತು ಭಾಗೀರಥಿ ಕೂಡಿದ ಮೇಲೆ ಹೊಳೆಗೆ ಗಂಗೆಯೆಂಬ ಹೆಸರು. ಅಲ್ಲಿಂದ ಋಷಿಕೇಶದವರೆಗೆ, ರಸ್ತೆಯ ಲೆಕ್ಕದಲ್ಲಿ ಸುಮಾರು 70 ಕಿ.ಮೀ., ಅದು ಬೆಟ್ಟಗಳನ್ನು ಕೊರೆದುಕೊಂಡು ಹರಿಯುತ್ತದೆ. ಒಮ್ಮೆ ಬಂಡೆಗೋಡೆಗಳ ನಡುವೆ ಕಿರಿದಾಗಿ ನುಗ್ಗಿದರೆ, ತುಸು ಮುಂದೆ ಬಿಳಿ ಮರಳಿನ ದಂಡೆಗಳ ನಡುವೆ ಮಡುಗಟ್ಟಿ ನಿಧಾನವಾಗುತ್ತದೆ. ರಾಫ್ಟಿಂಗ್ ನಡೆಯುವುದು ಇದರ ಕೆಳಗಿನ ಅರ್ಧದಲ್ಲಿ.

ಭಾಗೀರಥಿಗೆ ಅಡ್ಡಲಾಗಿ 260 ಮೀಟರ್‌ಗೂ ಎತ್ತರದ ಟೆಹ್ರಿ ಅಣೆಕಟ್ಟು ಇದೆ. ಅದರ ಕೆಳಗೆ ಕೋಟೇಶ್ವರ ಅಣೆಕಟ್ಟು. ಅಲಕನಂದಾ ನದಿಯಲ್ಲೂ ಉತ್ತರಾಖಂಡದ ಶ್ರೀನಗರದ ಬಳಿ ವಿದ್ಯುತ್ ಯೋಜನೆಯಿದೆ. ಹೀಗಾಗಿ ಕೆಳಗಿನ ಗಂಗೆಯ ಮಟ್ಟ ಮಳೆ, ಹಿಮವನ್ನಷ್ಟೇ ನೆಚ್ಚಿಕೊಂಡಿಲ್ಲ, ಟರ್ಬೈನ್ ತಿರುಗುವ ಹೊತ್ತನ್ನೂ ಅವಲಂಬಿಸಿದೆ. ಗಣೇಶಗುಡಿಯಲ್ಲಿ ರಾಫ್ಟಿಂಗ್ ಮಾಡಿದವರಿಗೆ ಇದು ಹೊಸದಲ್ಲ: ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಕಾಳಿಯಲ್ಲಿ ರಾಫ್ಟು, ಇಲ್ಲದಿದ್ದರೆ ಇಲ್ಲ. ಗಂಗೆಯಲ್ಲಿ ನೀರು ಯಾವಾಗಲೂ ಇರುತ್ತದೆ, ಆದರೆ ಬೆಳಗ್ಗೆ ಒಣಗಿದ್ದ ದಂಡೆ ಸಂಜೆಗೆ ಒದ್ದೆಯಾಗಿರಬಹುದು. ಮರಳಿನ ಮೇಲೆ ಬ್ಯಾಗು, ಚಪ್ಪಲಿ ಇಟ್ಟು ದೂರ ಹೋಗಬೇಡಿ, ಮಕ್ಕಳನ್ನು ನೀರಿನಂಚಿನಲ್ಲಿ ಆಡಲು ಬಿಟ್ಟು ಮೈಮರೆಯಬೇಡಿ.

ಯಾವಾಗ ಹೋಗಬೇಕು

ಸೆಪ್ಟೆಂಬರ್ ಕೊನೆಯಿಂದ ಜೂನ್ ಕೊನೆಯವರೆಗೆ ರಾಫ್ಟಿಂಗ್ ಕಾಲ. ಜುಲೈ, ಆಗಸ್ಟ್‌ನಲ್ಲಿ ಮಳೆಯ ಪ್ರವಾಹದಿಂದಾಗಿ ನದಿ ಮುಚ್ಚಿರುತ್ತದೆ. ‘ನಾವು ಕರೆದೊಯ್ಯುತ್ತೇವೆ’ ಎಂದು ಆಗ ಯಾರಾದರೂ ಕರೆದರೆ ಅಲ್ಲಿಂದ ಕಾಲು ಕೀಳಿ.

ಮಳೆಗಾಲ ಮುಗಿದ ಕೂಡಲೇ, ಅಂದರೆ ಅಕ್ಟೋಬರ್ ಆರಂಭದಲ್ಲಿ, ನೀರು ಇನ್ನೂ ದಪ್ಪಗಿರುತ್ತದೆ, ಅಲೆಗಳು ದೊಡ್ಡವು. ನವೆಂಬರ್ ಹೊತ್ತಿಗೆ ಹೊಳೆ ಇಳಿದು ಹಸಿರು ಬಣ್ಣಕ್ಕೆ ತಿರುಗುತ್ತದೆ. ಡಿಸೆಂಬರ್, ಜನವರಿಯಲ್ಲಿ ನೀರು ಕೊರೆಯುತ್ತದೆ, ವೆಟ್‌ಸೂಟ್ ಇಲ್ಲದೆ ಇಳಿಯಬಾರದು. ಮೊದಲ ಸಲ ಹೋಗುವವರಿಗೆ ಫೆಬ್ರವರಿ ಕೊನೆಯಿಂದ ಏಪ್ರಿಲ್ ಮಧ್ಯದವರೆಗಿನ ದಿನಗಳು ಹಿತ. ಮೇ ತಿಂಗಳಿನಿಂದ ಮೇಲೆ ಹಿಮ ಕರಗಿ ನೀರು ಮತ್ತೆ ಏರುತ್ತದೆ, ಬಣ್ಣ ಕದಡುತ್ತದೆ. ಅದೇ ಹೊತ್ತಿಗೆ ಚಾರ್‌ಧಾಮ್ ಯಾತ್ರೆಯ ವಾಹನಗಳೂ ರಾಫ್ಟಿಂಗ್ ಜಾಗಗಳಿಗೆ ಹೋಗುವ ಹೆದ್ದಾರಿಗೇ ಬರುತ್ತವೆ. ಶಿವಪುರಿಗೆ ಅರ್ಧ ಗಂಟೆಯ ದಾರಿ ಎರಡು ಗಂಟೆ ಹಿಡಿದರೂ ಅಚ್ಚರಿಯಿಲ್ಲ. ಶನಿವಾರ, ಭಾನುವಾರ ದೆಹಲಿಯ ಜನಜಂಗುಳಿ. ವಾರದ ನಡುವೆ, ಬೆಳಗಿನ ಮೊದಲ ತಂಡದಲ್ಲಿ ಹೊರಡುವುದು ಎಲ್ಲ ರೀತಿಯಿಂದಲೂ ಒಳ್ಳೆಯದು.

ತಲುಪುವುದು

ಬೆಂಗಳೂರಿನಿಂದ ಡೆಹ್ರಾಡೂನ್‌ನ ಜಾಲಿ ಗ್ರಾಂಟ್ ನಿಲ್ದಾಣಕ್ಕೆ ವಿಮಾನದಲ್ಲಿ ಹೋದರೆ ಅಲ್ಲಿಂದ ಋಷಿಕೇಶ ಸುಮಾರು 20 ಕಿ.ಮೀ. ರೈಲಿನವರು ಹರಿದ್ವಾರದಲ್ಲೋ ಯೋಗನಗರಿ ಋಷಿಕೇಶ ನಿಲ್ದಾಣದಲ್ಲೋ ಇಳಿಯಬಹುದು. ಹರಿದ್ವಾರದಿಂದ ಬಸ್ಸು, ಹಂಚಿಕೆಯ ಆಟೋ ಧಾರಾಳ.

ಊರಿನಿಂದ ನೀರಿಗಿಳಿಯುವ ಜಾಗಕ್ಕೆ ರಾಫ್ಟಿಂಗ್‌ನವರದೇ ಜೀಪು. ಮೇಲೆ ರಾಫ್ಟು, ಒಳಗೆ ಜನ. ಬದರಿನಾಥದ ಹೆದ್ದಾರಿ ನದಿಯ ಬಲದಂಡೆಯಲ್ಲಿ, ನೀರಿಗಿಂತ ಬಹಳ ಎತ್ತರದಲ್ಲಿ ಸಾಗುತ್ತದೆ. ರಸ್ತೆ ಕಣ್ಣಿಗೆ ಕಾಣುತ್ತಿದೆಯೆಂದ ಮಾತ್ರಕ್ಕೆ ಎಲ್ಲೆಂದರಲ್ಲಿ ಹತ್ತಿ ಹೋಗಬಹುದೆಂದಲ್ಲ. ಬಹಳ ಕಡೆ ನಡುವೆ ನೇರ ಬಂಡೆ ಇಲ್ಲವೇ ಜಾರುವ ಕಲ್ಲುರಾಶಿ. ಎಡದಂಡೆಯಲ್ಲಂತೂ ಹೆದ್ದಾರಿಯೇ ಇಲ್ಲ, ಹೆಚ್ಚಿನ ಭಾಗ ಕಾಡು. ಬಂಡಿ ಸಿಗುವಂತೆ ದಡ ಹತ್ತಲು ಅನುಕೂಲವಿರುವುದು ಮುಖ್ಯವಾಗಿ ಮೇಲೆ ಹೇಳಿದ ಊರುಗಳ ದಂಡೆಗಳಲ್ಲಿ. ಜೀಪು ಹೋಗುವಾಗ ಕಿಟಕಿಯ ಬಳಿ ಕೂತು ಹೊಳೆಯನ್ನು ನೋಡುತ್ತ ಹೋಗಿ. ಯಾವ ತಿರುವಿನ ಬಳಿ ದಂಡೆಯಿದೆ, ಎಲ್ಲಿ ಗೋಡೆಯಿದೆ ಎಂಬ ಅಂದಾಜು ಅಲ್ಲೇ ಸಿಗುತ್ತದೆ. ಕೊನೆಗೆ ದಡ ಹತ್ತುವುದು ಸಾಮಾನ್ಯವಾಗಿ ಲಕ್ಷ್ಮಣ ಝೂಲಾ, ರಾಮ ಝೂಲಾ ಆಸುಪಾಸಿನ ನೀಮ್ ಬೀಚ್‌ನಲ್ಲಿ. ಅಲ್ಲಿಂದ ರಸ್ತೆಗೆ ಮೆಟ್ಟಿಲು ಹತ್ತಬೇಕು, ಮಂಡಿನೋವಿನವರು ಇದನ್ನೂ ಲೆಕ್ಕಕ್ಕೆ ಹಿಡಿಯಲಿ.

ಯಾರಿಗೆ ಯಾವ ಭಾಗ

ರ‍್ಯಾಪಿಡ್ ಎನ್ನುವ ಬಿಳಿನೀರಿನ ಜಾಗಗಳ ರಭಸವನ್ನು ಒಂದರಿಂದ ಆರರವರೆಗೆ ದರ್ಜೆ ಕಟ್ಟುತ್ತಾರೆ. ಒಂದೆಂದರೆ ಸಣ್ಣ ತರೆ; ಮೂರರಲ್ಲಿ ಅಲೆ ಮೈಮೇಲೆ ಬರುತ್ತದೆ; ನಾಲ್ಕರಲ್ಲಿ ರಾಫ್ಟನ್ನು ಕರಾರುವಾಕ್ಕಾಗಿ ನಡೆಸದಿದ್ದರೆ ಮಗುಚುತ್ತದೆ; ಆರು ಸಾಮಾನ್ಯರಿಗಿರಲಿ, ಪರಿಣತರಿಗೂ ಪ್ರಾಣದ ಪ್ರಶ್ನೆ. ಈ ದರ್ಜೆ ಕಲ್ಲಿನಲ್ಲಿ ಕೆತ್ತಿದ್ದಲ್ಲ. ನೀರು ಏರಿದರೆ ಕೆಲವು ರ‍್ಯಾಪಿಡ್‌ಗಳು ಬಂಡೆ ಮುಳುಗಿ ಸಪಾಟಾಗುತ್ತವೆ, ಕೆಲವು ಇನ್ನಷ್ಟು ಕೆರಳುತ್ತವೆ.

ಬ್ರಹ್ಮಪುರಿಯಿಂದ ಕೆಳಗೆ ಅಲೆಗಳು ಚಿಕ್ಕವು. ಈಜು ಬಾರದವರು, ಮೊದಲ ಸಲದವರು, ಹೆದರಿಕೆಯಿರುವವರು ಇಲ್ಲಿಂದ ಶುರುಮಾಡಲಿ. ಇನಿಶಿಯೇಶನ್, ಡಬಲ್ ಟ್ರಬಲ್ ಮುಂತಾದ ರ‍್ಯಾಪಿಡ್‌ಗಳು ಇಲ್ಲಿವೆ.

ಶಿವಪುರಿಯಿಂದ ಹೊರಟರೆ ರಿಟರ್ನ್ ಟು ಸೆಂಡರ್, ರೋಲರ್ ಕೋಸ್ಟರ್, ಗಾಲ್ಫ್ ಕೋರ್ಸ್, ಕ್ಲಬ್ ಹೌಸ್ ಸಿಗುತ್ತವೆ. ಬಹುಪಾಲು ಪ್ರವಾಸಿಗರು ಇದನ್ನೇ ಆರಿಸುತ್ತಾರೆ. ದಂಡೆಗಳು ಹತ್ತಿರ ಹತ್ತಿರ, ಸುತ್ತಮುತ್ತ ಬೇರೆ ರಾಫ್ಟುಗಳೂ ಇರುತ್ತವೆ. ಯಾರಾದರೂ ನೀರಿಗೆ ಬಿದ್ದರೆ ಎತ್ತಿಕೊಳ್ಳಲು ನೆರವು ಬೇಗ ಸಿಗುತ್ತದೆ. ಆದರೆ ಗಾಲ್ಫ್ ಕೋರ್ಸ್ ಅನ್ನು ಹಗುರವಾಗಿ ಕಾಣಬೇಡಿ: ಹೆಸರಿಗೆ ತಕ್ಕಂತೆ ಅಲ್ಲಿ ‘ಹೋಲ್’ಗಳಿವೆ (ಅವೇನೆಂದು ಮುಂದೆ ಹೇಳಿದೆ), ದೊಡ್ಡ ನೀರಿನಲ್ಲಿ ರಾಫ್ಟು ಮಗುಚುವುದುಂಟು.

ಮರೀನ್ ಡ್ರೈವ್‌ನಿಂದ ಹೊರಡುವವರಿಗೆ ಇದರ ಜೊತೆಗೆ ಕ್ರಾಸ್‌ಫೈರ್, ತ್ರೀ ಬ್ಲೈಂಡ್ ಮೈಸ್ ಸೇರುತ್ತವೆ. ಎರಡನೆಯದರಲ್ಲಿ ಒಂದರ ಹಿಂದೊಂದು ಅಲೆಗಳ ಸಾಲು, ನಡುವೆ ಉಸಿರಾಡಲು ಹೊತ್ತು ಕಡಿಮೆ ಎಂಬುದೇ ಅದರ ಸವಾಲು. ಒಮ್ಮೆಯಾದರೂ ರಾಫ್ಟಿಂಗ್ ಮಾಡಿ ಗೊತ್ತಿರುವವರಿಗೆ ಈ ಭಾಗ ಸರಿ.

ಕೌಡಿಯಾಲಾದಿಂದ ಮರೀನ್ ಡ್ರೈವ್‌ವರೆಗಿನದು ಬೇರೆಯೇ ನದಿ. ಡೇನಿಯಲ್ಸ್ ಡಿಪ್ ದಾಟಿ ಮುಂದೆ ಬಂದರೆ ‘ದಿ ವಾಲ್’. ಹೊಳೆಯ ರಭಸವೆಲ್ಲ ಒಂದು ಬಂಡೆಗೋಡೆಗೆ ಹೋಗಿ ಬಡಿಯುತ್ತದೆ, ಬಡಿದು ಮರಳುವ ನೀರು ರಾಫ್ಟನ್ನು ಅಡ್ಡ ಎತ್ತಿ ಹಾಕುತ್ತದೆ. ಒಳ್ಳೆಯ ಗೈಡುಗಳು ಇಲ್ಲಿ ಮೊದಲೇ ದಡಕ್ಕೆ ಬಂದು, ಬಂಡೆಯೇರಿ ನೋಡಿ, ಬೇಕೆನಿಸಿದರೆ ಜನರನ್ನು ದಂಡೆಯ ಮೇಲೇ ನಡೆಸುತ್ತಾರೆ. ‘ಇಳಿದು ನಡೆಯಿರಿ’ ಎಂದರೆ ಮುಖ ಸಿಂಡರಿಸಬೇಡಿ; ಕಾಸು ಕೊಟ್ಟದ್ದು ಅವರ ಆ ಕಣ್ಣಿಗೇ.

ನೀರನ್ನು ಓದುವುದು

ಗೈಡು ಇದ್ದರೂ ಮುಂದೇನಿದೆ ಎಂದು ನಿಮಗೂ ತಿಳಿದಿರಲಿ. ದೂರದಿಂದ ನೋಡಿದಾಗ ಹೊಳೆ ಗೆರೆ ಎಳೆದಂತೆ ಕೊನೆಗೊಂಡರೆ ಆ ಗೆರೆಯಾಚೆ ನೀರು ಇಳಿಯುತ್ತಿದೆ ಎಂದರ್ಥ. ನೀರಿನ ಮೇಲೆ ನುಣುಪಾದ ನಾಲಿಗೆಯಂತೆ ‘ವಿ’ ಆಕಾರ ಕೆಳಮುಖವಾಗಿ ಚಾಚಿದ್ದರೆ ಎರಡು ಬಂಡೆಗಳ ನಡುವಿನ ದಾರಿ ಅದು. ಅದೇ ‘ವಿ’ ತುದಿ ನಿಮ್ಮ ಕಡೆಗೆ ತಿರುಗಿದ್ದರೆ ತುದಿಯಲ್ಲಿ ಬಂಡೆ ಅಡಗಿದೆ.

ಬಂಡೆಯ ಮೇಲಿಂದ ಧುಮುಕಿದ ನೀರು ಕೆಳಗೆ ತನ್ನ ಮೇಲೇ ಮಗುಚಿ ಹಿಂದಕ್ಕೆ ಉರುಳುತ್ತಿರುವ ಜಾಗಕ್ಕೆ ‘ಹೋಲ್’ ಎನ್ನುತ್ತಾರೆ. ಸಿಕ್ಕಿದ್ದನ್ನು ಅದು ಬಿಡದೆ ಸುತ್ತಿಸುತ್ತದೆ. ದೊಡ್ಡ ಬಂಡೆಯ ಹಿಂಭಾಗದಲ್ಲಿ ನೀರು ನಿಧಾನವಾಗಿ ಮೇಲ್ಮುಖವಾಗಿ ತಿರುಗುವ ಜಾಗ ‘ಎಡ್ಡಿ’. ನಿಲ್ಲಲು, ಉಸಿರೆಳೆದುಕೊಳ್ಳಲು ಅದೇ ತಂಗುದಾಣ. ಆದರೆ ಕಣಿವೆ ಕಿರಿದಾದ ಕಡೆ ಎಡ್ಡಿ ಮತ್ತು ಮುಖ್ಯ ಸೆಳವಿನ ನಡುವಿನ ಅಂಚಿನಲ್ಲಿ ಸುಳಿಗಳೇಳುತ್ತವೆ. ಬುಡದಲ್ಲಿ ಕೊರೆದುಹೋದ ಬಂಡೆ, ನೀರಿಗೆ ಬಾಗಿ ಸಿಕ್ಕಿಕೊಂಡ ಮರ, ಇವು ನೀರನ್ನು ಒಳಬಿಟ್ಟು ಮನುಷ್ಯನನ್ನು ಹಿಡಿದುಕೊಳ್ಳುತ್ತವೆ. ಮಳೆಗಾಲದ ನಂತರದ ಮೊದಲ ವಾರಗಳಲ್ಲಿ ಹೊಸ ಮರ, ಜರಿದ ಹೊಸ ಕಲ್ಲು ಎಲ್ಲಿ ಬೇಕಾದರೂ ಇರಬಹುದು. ಕಯಾಕ್ ತೆಗೆದುಕೊಂಡು ಹೋಗುವವರು ಹಳೆಯ ನೆನಪನ್ನು ನಂಬದೆ ಪ್ರತಿ ರ‍್ಯಾಪಿಡ್ಡನ್ನೂ ದಡದಿಂದ ನೋಡಬೇಕು, ಮಗುಚಿದ ಕಯಾಕನ್ನು ತಾವೇ ಎತ್ತಿಕೊಳ್ಳಲು ಬರದವರು ಶಿವಪುರಿಯಿಂದ ಮೇಲೆ ಹೋಗಬಾರದು, ಒಂಟಿಯಾಗಿ ಯಾರೂ ಎಲ್ಲಿಯೂ ಇಳಿಯಬಾರದು.

ನೀರಿಗೆ ಬಿದ್ದರೆ

ಮೊದಲು ಕೈಗೆ ಸಿಕ್ಕಿದರೆ ರಾಫ್ಟಿನ ಹಗ್ಗ ಹಿಡಿಯಿರಿ. ರಾಫ್ಟಿನಡಿ ಸಿಕ್ಕಿಕೊಂಡರೆ ಎರಡೂ ಕೈ ಮೇಲೆತ್ತಿ, ಅದರ ತಳ ತಡವುತ್ತ ಒಂದೇ ದಿಕ್ಕಿಗೆ ಸರಿದು ಹೊರಬನ್ನಿ. ದೂರ ಹೋದರೆ ಅಂಗಾತ ಮಲಗಿ, ಪಾದಗಳು ಹೊಳೆ ಹರಿಯುವ ಕಡೆಗೆ, ಕಾಲ್ಬೆರಳು ನೀರಿನ ಮೇಲೆ ಕಾಣುವಂತೆ ಇರಲಿ. ಬಂಡೆ ಎದುರಾದರೆ ತಲೆಯ ಬದಲು ಕಾಲು ತಾಗುತ್ತದೆ. ಸೊಂಟದ ಮಟ್ಟದ ನೀರೆಂದು ಹರಿಯುವಲ್ಲಿ ಎದ್ದು ನಿಲ್ಲಬೇಡಿ. ಕಲ್ಲಿನ ಸಂದಿಗೆ ಪಾದ ಸಿಕ್ಕಿದರೆ ಸೆಳವು ಬೆನ್ನ ಮೇಲೆ ಬಂದು ಮುಖವನ್ನು ನೀರಿಗದ್ದುತ್ತದೆ. ರಕ್ಷಣೆಯ ಹಗ್ಗ ಎಸೆದರೆ ಹಗ್ಗವನ್ನು ಹಿಡಿಯಿರಿ, ಕೈಗೆ ಸುತ್ತಿಕೊಳ್ಳಬೇಡಿ. ಹೆಗಲ ಮೇಲೆ ಹಾಕಿಕೊಂಡು ಅಂಗಾತ ತೇಲಿದರೆ ಅವರು ಎಳೆದುಕೊಳ್ಳುತ್ತಾರೆ.

ಕಾಸು ಕೊಡುವ ಮೊದಲು

ಸಂಸ್ಥೆಗೆ ಉತ್ತರಾಖಂಡ ಪ್ರವಾಸೋದ್ಯಮದ ಪರವಾನಗಿ, ಗೈಡಿಗೆ ಗುರುತಿನ ಚೀಟಿ ಇದೆಯೇ ಕೇಳಿ. 14 ವರ್ಷದೊಳಗಿನವರಿಗೆ ಅವಕಾಶವಿಲ್ಲ. ಹೃದ್ರೋಗ, ಮೂರ್ಛೆ, ಇತ್ತೀಚಿನ ಶಸ್ತ್ರಚಿಕಿತ್ಸೆ, ಬಸಿರು ಇದ್ದರೆ ಮುಚ್ಚಿಡಬೇಡಿ, ಹೋಗಲೂಬೇಡಿ. ಒಂದು ರಾಫ್ಟಿಗೆ ಎಷ್ಟು ಜನವೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ದೊಡ್ಡ ಭಾಗಕ್ಕೆ ಹೋಗುವುದಾದರೆ ಮುಂದೆ ಸಾಗುವ ರಕ್ಷಣಾ ಕಯಾಕ್ ಇರುತ್ತದೆಯೇ ವಿಚಾರಿಸಿ. ಲೈಫ್ ಜಾಕೆಟ್ ಹಾಕಿಕೊಂಡ ಮೇಲೆ ಇನ್ನೊಬ್ಬರಿಂದ ಹೆಗಲಪಟ್ಟಿ ಮೇಲಕ್ಕೆಳೆಸಿ ನೋಡಿ: ಅದು ಕಿವಿಯವರೆಗೆ ಬಂದರೆ ಸಡಿಲ, ಬಿಗಿಯಬೇಕು. ಹೆಲ್ಮೆಟ್ ಅಲ್ಲಾಡಬಾರದು. ದಂಡೆಯಲ್ಲಿ ಹತ್ತು ನಿಮಿಷ ಪಾಠ ಹೇಳದೆ ನೇರ ರಾಫ್ಟು ತಳ್ಳುವವರ ಜೊತೆ ಹೋಗಬೇಡಿ. ಹುಟ್ಟಿನ ತುದಿಯ ‘ಟಿ’ ಹಿಡಿಯನ್ನು ಒಂದು ಕೈ ಎಂದೂ ಬಿಡಬಾರದು. ಬಿಟ್ಟರೆ ಪಕ್ಕದವರ ಹಲ್ಲಿಗೆ ಕಂಟಕ. ಗೈಡಿನ ಕೈ ಹುಟ್ಟಿನ ಮೇಲಿರಲಿ, ನಿಮ್ಮ ವಿಡಿಯೊಗಾಗಿ ಕ್ಯಾಮೆರಾದ ಮೇಲಲ್ಲ.

ಬೇಗ ಒಣಗುವ ಬಟ್ಟೆ, ಹಿಂದೆ ಪಟ್ಟಿಯಿರುವ ಸ್ಯಾಂಡಲ್, ಕನ್ನಡಕಕ್ಕೆ ದಾರ. ಜೀನ್ಸ್, ದುಪಟ್ಟಾ, ಬಳೆ, ಉಂಗುರ ಕೋಣೆಯಲ್ಲೇ ಇರಲಿ. ಹಿಂದಿನ ರಾತ್ರಿ ಕುಡಿದವರನ್ನು ಕರೆದೊಯ್ಯಬೇಡಿ. ಋಷಿಕೇಶ ಪಟ್ಟಣದೊಳಗೆ ಮದ್ಯ, ಮಾಂಸದ ಮಾರಾಟಕ್ಕೆ ನಿಷೇಧವೂ ಇದೆ. ನದಿದಂಡೆಯ ಬಿಡಾರಗಳಿಗೆ 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಡಿವಾಣ ಹಾಕಿದೆ. ಮರಳಿನ ಮೇಲೆ ಟೆಂಟು ಎಂದು ಯಾರಾದರೂ ಆಸೆ ತೋರಿಸಿದರೆ ಅದು ನಿಯಮದೊಳಗಿದೆಯೇ ಕೇಳಿ.

ಕೊನೆಯದಾಗಿ ಒಂದು ಹಂಚಿಕೆ. ಅಪ್ಪ, ಅಮ್ಮ, ಚಿಕ್ಕ ಮಕ್ಕಳು ಜೊತೆಗಿದ್ದರೆ ಅವರನ್ನು ಕೋಣೆಯಲ್ಲೇ ಬಿಟ್ಟು ಬೆಳಗ್ಗೆ ಶಿವಪುರಿಯ 16 ಕಿ.ಮೀ. ಮುಗಿಸಿ ಮಧ್ಯಾಹ್ನದ ಊಟಕ್ಕೆ ಕೋಣೆಗೆ ಬನ್ನಿ, ಸಂಜೆ ಎಲ್ಲರೂ ಕೂಡಿ ತ್ರಿವೇಣಿ ಘಾಟಿನ ಆರತಿಗೆ ಹೋಗಬಹುದು. ಗೆಳೆಯರ ಗುಂಪಾದರೆ ಮೊದಲ ದಿನ ಶಿವಪುರಿ, ಎರಡನೆಯ ದಿನ ಮರೀನ್ ಡ್ರೈವ್. ಮೊದಲ ದಿನ ಯಾರಾದರೂ ನೀರಿಗೆ ಬಿದ್ದು ಬೆದರಿದ್ದರೆ ಎರಡನೆಯ ದಿನವೂ ಶಿವಪುರಿಯೇ. ಕೌಡಿಯಾಲಾ ಇನ್ನೊಂದು ಸಲಕ್ಕಿರಲಿ.